ನೋಡೋಣಪ್ಪನ ಕೊಳ ತುಂಬಿದ್ದು

ಯಾರ್‍ಯಾರಿಗೋ ಏನೇನೋ ಅಡ್ಡಹೆಸರು ಅಂಟಿಕೊಳ್ಳುತ್ತೆ. ನಮ್ಮ ಕಥಾನಾಯಕನಿಗೆ ಅಂಟಿದ್ದು ‘ನೋಡೋಣಪ್ಪ’. ಇಟ್ಟವರು ಬೇರೆ ಯಾರೂ ಅಲ್ಲ, ಸ್ವಂತ ಅತ್ತೆ. ಮದುವೆಯಾದ ಹೊಸದರಲ್ಲಿ ಆಕೆ, “ಅಳಿಯಂದ್ರೇ, ಕಾಫಿ ಕುಡೀತೀರೋ, ಟೀ ಕುಡೀತೀರೋ?” ಅಂತ ಕೇಳಿದ್ದಕ್ಕೆ ಈತ ಕುರ್ಚಿಯಿಂದ ಎದ್ದು, ಕಿಟಕಿಯವರೆಗೆ ಹೋಗಿ, ಹೊರಗೆ ಇಣುಕಿ, ವಾಪಸ್ಸು ಬಂದು, “ನೋಡೋಣ” ಅಂದನಂತೆ. ಅತ್ತೆ ಎರಡನ್ನೂ ಮಾಡಿ ತಂದಿಟ್ಟರು. ಯಾವುದನ್ನು ಮೊದಲು ಎತ್ತಿಕೊಳ್ಳೋದು ಅಂತ ಇವನು ಯೋಚಿಸುವಷ್ಟರಲ್ಲಿ ಎರಡೂ ತಣ್ಣಗಾಗಿದ್ದವು.

ಇಂಥ ಮನುಷ್ಯನಿಗೆ ವಿಧಿ ಎಂಥ ಕೆಲಸ ಕೊಟ್ಟಿತ್ತು ಗೊತ್ತೇ? ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡೋ ಕೆಲಸ. ಬೆಳಗಿಂದ ಸಂಜೆತನಕ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, “ಇದರಲ್ಲಿ ಚೆನ್ನಾಗಿ ಕಾಣುತ್ತಾ? ಇದರಲ್ಲಾ?” ಅಂತ ಕೇಳೋದು. ಆರಿಸೋ ಕಷ್ಟವೆಲ್ಲಾ ಎದುರು ಕೂತವರದ್ದು, ಇವನದ್ದು ಬರೀ ಪ್ರಶ್ನೆ. ಮನೆಯಲ್ಲಾದರೋ ಆರಿಸೋ ಭಾರ ಅತ್ತೆಯದು. ಮಾವ ತೀರಿಕೊಂಡ ಮೇಲೆ ಆಕೆ ಮಗಳ ಮನೆಗೇ ಬಂದು ನೆಲೆಸಿದ್ದರು. ದಿನಾ ಬೆಳಿಗ್ಗೆ ಇವನು ಎರಡು ಅಂಗಿ ಹಿಡಕೊಂಡು ಬಾಗಿಲಲ್ಲಿ ನಿಂತರೆ ಆಕೆ ಪೇಪರಿನಿಂದ ತಲೆ ಎತ್ತದೆ, “ನೀಲಿದು ಹಾಕ್ಕೊಳ್ಳಿ. ಛತ್ರಿ ಬೇಡ. ಹೊರಡಿ” ಅನ್ನುತ್ತಿದ್ದರು. ಆಕೆ ಇಲ್ಲದಿದ್ದರೆ ಈತ ಎಷ್ಟೋ ದಿನ ಹೊಸಿಲು ದಾಟುತ್ತಲೇ ಇರಲಿಲ್ಲ.

ಇಂಥ ಅತ್ತೆಯ ಮಂಡಿ ಕೈಕೊಟ್ಟಿತು. ಡಾಕ್ಟರು ಅಲ್ಲಿ ಒತ್ತಿ ಇಲ್ಲಿ ಒತ್ತಿ, “ಗಟ್ಟಿ ನೆಲದ ಮೇಲೆ ಜಾಸ್ತಿ ನಡೆಯೋದು ಬೇಡ. ಆದ್ರೆ ನಡೆಯೋದನ್ನ ನಿಲ್ಲಿಸಲೂಬಾರದು. ಎದೆಮಟ್ಟ ನೀರಲ್ಲಿ ದಿನಾ ಸ್ವಲ್ಪ ಹೊತ್ತು ನಡೀಲಿ” ಅಂದುಬಿಟ್ಟರು.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾಮೈದ, ಅಂದರೆ ಅತ್ತೆಯ ಒಬ್ಬನೇ ಮಗ, ಫೋನ್ ಮಾಡಿದ. ಅವನದು ಕ್ರೇನ್ ಬಾಡಿಗೆಗೆ ಕೊಡೋ ವ್ಯವಹಾರ. ಇಲ್ಲಿದ್ದದ್ದನ್ನು ಎತ್ತಿ ಅಲ್ಲಿ ಇಡೋದೇ ಅವನ ಕಸುಬು. “ನಮ್ಮ ಅಪಾರ್ಟ್‌ಮೆಂಟಲ್ಲೇ ಈಜುಕೊಳ ಇದೆ. ಅಮ್ಮನ್ನ ನಾಳೆನೇ ಕರ್ಕೊಂಡು ಬರ್ತೀನಿ” ಅಂದ. ಎಲ್ಲರೂ ಅಲ್ಲಿಗೆ ಮುಗಿಯಿತು ಅಂದುಕೊಂಡರು. ಆದರೆ ಅತ್ತೆ ತಟ್ಟೆಯಿಂದ ಬಿಸ್ಕತ್ತು ಎತ್ತಿಕೊಳ್ಳುತ್ತಾ, “ನೀರಿಗೆ ಇಳಿಯೋದೇ ಆದ್ರೆ ನನ್ನ ಅಳಿಯಂದ್ರ ಕೊಳದಲ್ಲೇ ಇಳೀತೀನಿ. ಅವರು ಕಟ್ಟಿಸಲಿ. ಅಲ್ಲೀತನಕ ನಾನು ಎಲ್ಲಿಗೂ ಬರಲ್ಲ” ಅಂದರು.

ನೋಡೋಣಪ್ಪನ ಎದೆ ಉಬ್ಬಿಹೋಯಿತು. ಹುಟ್ಟಿದಾಗಿನಿಂದ ಯಾರೂ ಅವನ ಮೇಲೆ ಇಷ್ಟು ಭರವಸೆ ಇಟ್ಟವರಲ್ಲ.

ಕೊಳ ಬೇಗನೇ ಸಿದ್ಧವಾಯಿತು, ಯಾಕಂದ್ರೆ ಅದನ್ನು ಕಟ್ಟಿಸಿದವಳು ಹೆಂಡತಿ. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ದಿನಾ ಉದ್ದ ಸಾಲು ಕರಗಿಸಿ ಬರೋಳು, ಯಾವುದನ್ನೂ ಎರಡನೇ ಸಲ ಯೋಚಿಸಿದವಳಲ್ಲ. ಹಿತ್ತಲಿನಲ್ಲಿ ಹೆಚ್ಚುಕಮ್ಮಿ ಗೋಡೆಯಿಂದ ಗೋಡೆಗೆ ಅಗೆಸಿ, ಟೈಲ್ಸ್ ಹಾಕಿಸಿ, ಅಮ್ಮ ಇಳಿಯೋಕೆ ಅಂತ ಮೆಟ್ಟಿಲು, ಹಿಡಿಯೋಕೆ ಸ್ಟೀಲಿನ ಕಂಬಿ ಎಲ್ಲಾ ಮಾಡಿಸಿದಳು. ಉಳಿದದ್ದು ನೀರು ಸೋಸೋ ಫಿಲ್ಟರು ಒಂದೇ. “ರೀ, ಇದೊಂದನ್ನಾದ್ರೂ ನೀವೇ ಆರಿಸಿ” ಅಂತ ಅವಳು ಕೈತೊಳೆದುಕೊಂಡಳು.

ಅಲ್ಲಿಗೆ ಕೆಲಸ ಕೆಟ್ಟಿತು. ಫಿಲ್ಟರಿನಲ್ಲಿ ಮೂರು ಬಗೆ. ಒಂದು ಮರಳಿನದು, ನೀರನ್ನು ಹಿಂದುಮುಂದಾಗಿ ಓಡಿಸಿ ತೊಳೀಬೇಕು. ಇನ್ನೊಂದು ಮಡಿಕೆ ಮಡಿಕೆ ಬಟ್ಟೆಯ ಸುರುಳಿ, ಬಿಚ್ಚಿ ತೊಳೀಬೇಕು. ಮತ್ತೊಂದು ಬಿಳೀ ಪುಡಿಯದು, ತೊಳೆದ ಮೇಲೆ ಮತ್ತೆ ಪುಡಿ ಹಾಕಬೇಕು. ನೋಡೋಣಪ್ಪ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಲ್ಲುಜ್ಜುತ್ತಾ ಹಿತ್ತಲಿಗೆ ಹೋಗಿ ಖಾಲಿ ಕೊಳ ನೋಡುವನು, ಅರ್ಧ ಊಟದಲ್ಲಿ ಎದ್ದು ಮತ್ತೆ ನೋಡುವನು. ತಿಂಗಳುಗಳು ಹೋದವು. ಪಕ್ಕದ ಮನೆ ಬೆಕ್ಕು ಕೊಳದ ತಳದಲ್ಲಿ ಮರಿ ಹಾಕಿ, ಮರಿಗಳು ದೊಡ್ಡವಾಗಿ ಮೆಟ್ಟಿಲು ಹತ್ತಿ ಹೊರಟೂಹೋದವು.

ಅಂಗಡಿಯಲ್ಲೂ ಅದೇ ಗೋಳು. ಒಂದು ದಿನ ಬಸ್ ಕಂಡಕ್ಟರೊಬ್ಬ ಕಣ್ಣು ತೋರಿಸಲು ಬಂದಿದ್ದ. ಗಾಜು ಬದಲಾಯಿಸಿ, “ಇದರಲ್ಲಾ? ಇದರಲ್ಲಾ?” ಅಂದರೆ ಕಂಡಕ್ಟರು, “ಎರಡೂ ಒಂದೇ ತರ ಇದೆ ಸಾರ್” ಅಂದ.

“ನನಗೂ ಹಾಗೇ ಅನ್ಸುತ್ತೆ ಕಣ್ರೀ” ಅಂತ ನೋಡೋಣಪ್ಪ ನಿಟ್ಟುಸಿರು ಬಿಟ್ಟ. “ಬಿಚ್ಚಿ ಹೊರಗೆ ತೆಗೆದು ತೊಳೆಯೋದು ಒಳ್ಳೇದೋ, ಒಳಗೆ ಇದ್ದ ಹಾಗೇ ನೀರು ಬಿಟ್ಟು ತೊಳೆಯೋದು ಒಳ್ಳೇದೋ, ನೀವೇ ಹೇಳಿ.”

ಕಂಡಕ್ಟರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. “ಸಾರ್, ಪೇಪರ್ ಓದೋಕಾಗಲ್ಲ ಅಂತ ಬಂದೆ ಅಷ್ಟೇ. ತೆಗೆಯೋದು ಗಿಗೆಯೋದು ಏನೂ ಬೇಡ!” ಅನ್ನುತ್ತಾ, ಪರೀಕ್ಷೆಯ ಚೌಕಟ್ಟು ಮೂಗಿನ ಮೇಲೆ ಇರುವಂತೆಯೇ ಬೀದಿಗೆ ಓಡಿದ.

ಅಚ್ಚರಿಯ ಮಾತೆಂದರೆ ಅಂಗಿ, ಛತ್ರಿ, ಚಪ್ಪಲಿ ಎಲ್ಲವನ್ನೂ ಆರಿಸಿಕೊಡೋ ಅತ್ತೆ ಇದೊಂದರಲ್ಲಿ ಮಾತ್ರ ಬಾಯಿ ಬಿಡಲಿಲ್ಲ. “ಅತ್ತೆ, ಮರಳಾ, ಸುರುಳಿಯಾ?” ಅಂತ ಕೇಳಿದಾಗೆಲ್ಲಾ, “ಅದು ನನಗೆ ತಿಳಿಯಲ್ಲಪ್ಪ. ನೀವೇ ನಿಧಾನವಾಗಿ ನೋಡಿ. ಈಗೇನು ಅವಸರ ಬಂದಿರೋದು?” ಅನ್ನುತ್ತಿದ್ದರು. ಎಂಥ ತಾಳ್ಮೆಯ ಹೆಂಗಸು ಅಂತ ನೋಡೋಣಪ್ಪನ ಕಣ್ಣು ತುಂಬಿಬರುತ್ತಿತ್ತು.

ತಾಳ್ಮೆ ಇಲ್ಲದವನು ಭಾಮೈದ. ಒಂದು ಬುಧವಾರ ಅಕ್ಕನಿಗೆ ಫೋನ್ ಮಾಡಿ ಗುಡುಗಿದ: “ಭಾನುವಾರ ಬರ್ತಿದೀನಿ. ಕೊಳದಲ್ಲಿ ನೀರಿದ್ರೆ ಸರಿ. ಇಲ್ಲಾಂದ್ರೆ ಅಮ್ಮನ ಪೆಟ್ಟಿಗೆ ಕಟ್ಟಿಡು. ಭಾವ ಫಿಲ್ಟರು ಆರಿಸೋ ಹೊತ್ತಿಗೆ ಅಮ್ಮನ ಮಂಡಿ ಮ್ಯೂಸಿಯಂ ಸೇರಿರುತ್ತೆ!”

ಆ ಗುಡುಗು ಪಕ್ಕದ ಕೋಣೆಗೂ ಕೇಳಿಸಿತು. ನೋಡೋಣಪ್ಪ ಅತ್ತೆಯ ಕೋಣೆಗೆ ಇಣುಕಿದ. ಆಕೆ ಎಂದಿನಂತೆ ಕಿಟಕಿ ಪಕ್ಕ ಪೇಪರು ಓದುತ್ತಿದ್ದರು. ಆ ಕುರ್ಚಿ ಖಾಲಿಯಾದರೆ? ಎರಡು ಅಂಗಿ ಹಿಡಕೊಂಡು ತಾನು ಯಾರ ಬಾಗಿಲಲ್ಲಿ ನಿಲ್ಲೋದು? ಅಂಗಿಯನ್ನೂ ಕೇಳದೆ, ಮೈಮೇಲಿದ್ದದ್ದರಲ್ಲೇ, ಫಿಲ್ಟರಿನ ಅಂಗಡಿಗೆ ಹೊರಟುಬಿಟ್ಟ.

ತಿಂಗಳುಗಟ್ಟಲೆ ಇವನ ಪ್ರಶ್ನೆ ಕೇಳಿ ಬೇಸತ್ತಿದ್ದ ಅಂಗಡಿಯ ಯಜಮಾನ ಇವನನ್ನು ಕಂಡಕೂಡಲೇ ಕೌಂಟರಿನ ಹಿಂದೆ ಬಗ್ಗಿ ಬಚ್ಚಿಟ್ಟುಕೊಳ್ಳಲು ನೋಡಿದ. ಹೊಟ್ಟೆ ಅಡ್ಡ ಬಂದು ಆಗಲಿಲ್ಲ.

“ಮರಳಿನದು!” ಅಂತ ನೋಡೋಣಪ್ಪ ಬಾಗಿಲಲ್ಲೇ ಕೂಗಿದ.

ಯಜಮಾನ ನಿಧಾನಕ್ಕೆ ಎದ್ದ. “ಏನಂದ್ರಿ ಸಾರ್?”

“ಮರಳಿನ ಫಿಲ್ಟರು. ಭಾನುವಾರ ಬೆಳಿಗ್ಗೆ ಮನೇಲಿರಬೇಕು. ಮಾತು ಮುಗೀತು.”

“ಸಾರ್, ಮೈಯಲ್ಲಿ ಹುಷಾರಾಗಿದೀರಾ? ನೀರು ಕುಡೀತೀರಾ?”

“ಕುಡಿಯೋಲ್ಲ!” ಆ ದಿನ ಅವನ ನಿರ್ಧಾರಗಳಿಗೆ ತಡೆಯೇ ಇರಲಿಲ್ಲ.

ಯಜಮಾನ ಗಡಿಬಿಡಿಯಿಂದ ರಸೀತಿ ಪುಸ್ತಕ ಹುಡುಕುತ್ತಾ, “ಮರಳು ಬೇರೆ ಬರುತ್ತೆ ಸಾರ್. ನಾವೇ ಹಾಕ್ಸೋದಾ, ನೀವು ತರಿಸ್ಕೋತೀರಾ? ಅದಕ್ಕೆ ಬೇಕಾಗೋದು ಏನಂದ್ರೆ...” ಅನ್ನುವಷ್ಟರಲ್ಲಿ ನಮ್ಮವನು ಕೈ ಅಡ್ಡ ಹಿಡಿದ. ಹೊಸದಾಗಿ ಹತ್ತಿದ ಧೈರ್ಯ, ಕೇಳಬೇಕೇ? “ಮರಳು ನನಗೆ ಬಿಡಿ. ನಾನೇನು ನಿನ್ನೆ ಮೊನ್ನೆ ಹುಟ್ಟಿದೋನಾ?” ಅಂದು ಹೊರಗೆ ಬಂದ. ಎದುರಿಗೇ ಇಟ್ಟಿಗೆ, ಜಲ್ಲಿ, ಮರಳು ಮಾರುವವನ ಬೋರ್ಡು ಕಾಣಿಸಿತು. ಇದಕ್ಕಿಂತ ಒಳ್ಳೇ ಶಕುನ ಬೇಕೇ ಅಂತ ಒಳಗೆ ನುಗ್ಗಿ, “ಒಂದು ಕೊಳಕ್ಕೆ ಆಗುವಷ್ಟು ಮರಳು” ಅಂತ ಹೇಳಿಬಂದ. ಮಾರುವವನು ಕೊಳದ ಉದ್ದ, ಅಗಲ, ಆಳ ಕೇಳಿದ. ಇವನು ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಬೀದಿ ನಡುಗಿತು. ಒಂದರ ಹಿಂದೊಂದು ಲಾರಿ ಬಂದು, ಗೇಟಿನ ಮುಂದೆ ಹಿಂಭಾಗ ಎತ್ತಿ, ಮರಳು ಸುರಿದು ಹೋದವು. ರಾಶಿ ಎಷ್ಟು ಎತ್ತರವಾಯಿತೆಂದರೆ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರಿಗೆ ತಮ್ಮ ವರಾಂಡದಿಂದ ಇವರ ಮನೆಯೇ ಕಾಣದಾಯಿತು. ಬೀದಿಯ ವಿದ್ಯಮಾನವನ್ನೆಲ್ಲಾ ವರಾಂಡದಿಂದಲೇ ವಿಚಾರಿಸಿಕೊಳ್ಳುವ ಆ ಮಹನೀಯರಿಗೆ ಇದು ಸಣ್ಣ ನಷ್ಟವಲ್ಲ. ರಾಶಿಯನ್ನು ಸುತ್ತು ಹಾಕಿಕೊಂಡು ಬಂದೇ ಬಿಟ್ಟರು.

“ಏನ್ರೀ ಇದು? ಮೇಲೆ ಮಹಡಿ ಎತ್ತಿಸ್ತಿದೀರಾ?”

“ಇಲ್ಲ ಸಾರ್, ಫಿಲ್ಟರಿಗೆ.”

“ಫಿಲ್ಟರಿಗೆ?”

“ನೀರು ಸೋಸೋಕೆ ಸಾರ್.”

ಹೆಡ್‌ಮಾಸ್ತರು ರಾಶಿಯನ್ನು ಮೇಲಿಂದ ಕೆಳಗೆ ನೋಡಿದರು. ಸುಳ್ಳು ಹೇಳೋ ಹುಡುಗರನ್ನು ಜೀವಮಾನವಿಡೀ ಕಂಡವರು. “ಇಷ್ಟು ಮರಳಲ್ಲಿ ಸಮುದ್ರ ಸೋಸಬಹುದು ಕಣಯ್ಯಾ! ನನ್ನ ವರಾಂಡಕ್ಕೆ ಬೆಳಕು ತಪ್ಪಿಸಿ ಮಹಡಿ ಕಟ್ಟೋನು ಬಾಯಿಬಿಟ್ಟು ಹೇಳೋ ಧೈರ್ಯನಾದ್ರೂ ಮಾಡು. ಇರಲಿ, ಪುರಸಭೆಗೆ ದಾರಿ ನನಗೂ ಗೊತ್ತಿದೆ” ಅಂತ ಚಪ್ಪಲಿ ಕಾಲಲ್ಲಿ ಪಟಪಟ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಮಹಡಿ ಮಾತಿನಲ್ಲಿ ಎದ್ದು ನಿಂತಿತ್ತು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಗಿಲು ತಟ್ಟಿ, “ಅಂಕಲ್, ಮೇಲಿನ ಮನೆ ನಮಗೇ ಕೊಡಬೇಕು. ನಾವು ಗಲಾಟೆ ಮಾಡೋರಲ್ಲ” ಅಂದಿತು. ನೋಡೋಣಪ್ಪ, “ಮೇಲೆ ಆಕಾಶ ಮಾತ್ರ ಇದೆಯಮ್ಮ” ಅಂತ ಕೈಮುಗಿದ. “ಪರವಾಗಿಲ್ಲ, ಕಾಯ್ತೀವಿ ಅಂಕಲ್. ಅಡುಗೆಮನೆ ಮಾತ್ರ ದೊಡ್ಡದಿರಲಿ” ಅಂತ ಆ ಹುಡುಗಿ ತಾರಸಿಯನ್ನು ಅಕ್ಕರೆಯಿಂದ ನೋಡುತ್ತಾ ಹೋದಳು. ಅವರ ಹಿಂದೆ ಕಿಟಕಿ ಸರಳಿನವನು ಬಂದ, ಬಣ್ಣ ಬಳಿಯುವವನು ಬಂದ. ಎಲ್ಲರಿಗೂ ಈತ ಸತ್ಯವನ್ನೇ ಹೇಳಿದ. ಎಲ್ಲರೂ ಬೆನ್ನು ತಟ್ಟಿ, “ಆಯ್ತು ಬಿಡಿ ಸಾರ್, ನಾವು ಯಾರಿಗೂ ಹೇಳೋದಿಲ್ಲ” ಅಂದರು.

ಅಂಚೆ ಕಚೇರಿಯಿಂದ ಬಂದ ಹೆಂಡತಿ ಒಳಗೆ ಬರಲು ದಾರಿ ಕಾಣದೆ ರಾಶಿಯ ಮೇಲೇ ಹತ್ತಿ ಇಳಿದಳು. “ರೀ, ನೀವು ಆರಿಸದೇ ಇದ್ದಾಗಲೇ ಚೆನ್ನಾಗಿತ್ತು” ಅಂದು ಚಪ್ಪಲಿಯ ಮರಳು ಕೊಡವಿದಳು. ಅತ್ತೆ ಮಾತ್ರ ಕಿಟಕಿಯಿಂದ ರಾಶಿಯನ್ನೇ ನೋಡುತ್ತಾ ಕೂತಿದ್ದರು. ಮುಖ ಸಣ್ಣಗಾಗಿತ್ತು. ಅಂದು ಸಂಜೆ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು. “ಭಾನುವಾರ ನೀರು ಗ್ಯಾರಂಟಿ ಅತ್ತೆ!” ಅಂತ ನೋಡೋಣಪ್ಪ ಧೈರ್ಯ ಹೇಳಿದರೆ ಆಕೆ, “ಹೌದಾ” ಅಂದರು ಅಷ್ಟೇ.

ಶನಿವಾರ ಪುರಸಭೆಯ ಇನ್ಸ್‌ಪೆಕ್ಟರು ಮೋಟಾರ್ ಸೈಕಲಿನಲ್ಲಿ ಬಂದು, ಮರಳಿನಲ್ಲಿ ಚಕ್ರ ಹೂತು, ಇಳಿದು, ಪ್ಯಾಂಟು ಕೊಡವಿಕೊಂಡರು. ಹಿಂದೆಯೇ ಹೆಡ್‌ಮಾಸ್ತರು.

“ಮಹಡಿಗೆ ಪರವಾನಗಿ ಎಲ್ರೀ?”

“ಮಹಡಿನೇ ಇಲ್ಲ ಸಾರ್.”

“ಮಹಡಿ ಇಲ್ದೆ ಮರಳು ಯಾಕೆ?”

“ನೀರು ಸೋಸೋಕೆ.”

“ನೀರೆಲ್ಲಿ?”

“ನೀರು ಇನ್ನೂ ಬಂದಿಲ್ಲ ಸಾರ್.”

ಇನ್ಸ್‌ಪೆಕ್ಟರು ಕಣ್ಣು ಕಿರಿದು ಮಾಡಿ ನೋಡಿದರು. ನೋಡೋಣಪ್ಪನಿಗೆ ಆ ಗಲಾಟೆಯಲ್ಲೂ, ಇವರಿಗೆ ದೂರದ್ದು ಸರಿಯಾಗಿ ಕಾಣ್ತಿಲ್ಲ, ಗಾಜು ಬದಲಾಯಿಸಬೇಕು ಅನ್ನಿಸಿತು. ಹೇಳಿಯೂಬಿಟ್ಟ. ಹೇಳಬಾರದಿತ್ತು.

“ನನ್ನ ಕಣ್ಣಿನ ವಿಚಾರಕ್ಕೆ ಬರ್ತೀಯಾ?” ಇನ್ಸ್‌ಪೆಕ್ಟರ ಮುಖ ಕೆಂಪೇರಿತು. “ಸಂಜೆ ಒಳಗೆ ಬೀದಿ ಖಾಲಿ ಆಗಬೇಕು. ಇಲ್ಲಾಂದ್ರೆ ಮರಳನ್ನೂ ಎತ್ತಿಸ್ತೀನಿ, ನಿನ್ನನ್ನೂ ಎತ್ತಿಸ್ತೀನಿ!”

ಮರಳು ಹೋಗಿಬಿಟ್ಟರೆ ಫಿಲ್ಟರಿಲ್ಲ, ಫಿಲ್ಟರಿಲ್ಲದೆ ನೀರಿಲ್ಲ, ನೀರಿಲ್ಲದಿದ್ದರೆ ಅತ್ತೆ ಇಲ್ಲ. ನೋಡೋಣಪ್ಪ ತಲೆಯ ಮೇಲೆ ಕೈಹೊತ್ತು ಓಡಿ, ಮೂಲೆಯಲ್ಲಿ ಕೆಲಸಕ್ಕಾಗಿ ಕಾದು ನಿಂತಿದ್ದ ಕೂಲಿಯವರನ್ನೆಲ್ಲಾ ಗುಡ್ಡೆಹಾಕಿ ತಂದ. ಬುಟ್ಟಿ ತುಂಬಿತು, ಸಾಲು ಹೊರಟಿತು. ಹಿತ್ತಲಿಗೆ ಬಂದು ನೋಡಿದರೆ ಕಾಲಿಡಲು ಜಾಗವಿದ್ದದ್ದು ಗೋಡೆಯ ಪಕ್ಕದ ಓಣಿ, ಉಳಿದದ್ದೆಲ್ಲಾ ಕೊಳ.

“ಎಲ್ಲಿ ಸುರಿಯೋದು ಸಾರ್?” ಅಂತ ಮೇಸ್ತ್ರಿ ಕೇಳಿದ.

ನೋಡೋಣಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೀದಿಯಿಂದ ಇನ್ಸ್‌ಪೆಕ್ಟರ ಗಂಟಲು ಕೇಳಿಸುತ್ತಿತ್ತು. “ಅದರೊಳಗೇ ಸುರೀರಿ! ಬೆಳಿಗ್ಗೆ ಫಿಲ್ಟರು ಬಂದಮೇಲೆ ಅದರಲ್ಲಿ ತುಂಬಿದ್ರಾಯ್ತು!” ಅಂದ. ಹೀಗೆ ಜೀವನದ ಎರಡನೇ ನಿರ್ಧಾರವೂ ನಡೆದುಹೋಯಿತು. ಸಂಜೆಗೆ ಬೀದಿ ಸ್ವಚ್ಛವಾಗಿತ್ತು, ಹೆಡ್‌ಮಾಸ್ತರಿಗೆ ಮತ್ತೆ ಇವರ ಮನೆ ಕಾಣಿಸಿತು, ಕೊಳ ಮೇಲಿನ ಮೆಟ್ಟಿಲವರೆಗೂ ತುಂಬಿತ್ತು.

ಭಾನುವಾರ ಬೆಳಿಗ್ಗೆ ಫಿಲ್ಟರು ಬಂತು. ಅಂಗಡಿಯ ಯಜಮಾನನೇ ಖುದ್ದಾಗಿ ತಂದಿದ್ದ. ಇಂಥ ಗಿರಾಕಿ ಮನಸ್ಸು ಬದಲಾಯಿಸುವ ಮೊದಲೇ ಕೊಟ್ಟುಬಿಡಬೇಕು ಅಂತ ಅವನ ಆತುರ. ದುಂಡಗೆ, ಬೊಜ್ಜಿನವರ ಹೊಟ್ಟೆಯಂತಿದ್ದ ಫಿಲ್ಟರು ನೋಡೋಣಪ್ಪನ ಸೊಂಟದೆತ್ತರಕ್ಕಿತ್ತು.

“ಇಷ್ಟೇನಾ?” ಅಂತ ನೋಡೋಣಪ್ಪ ಅದರ ಸುತ್ತ ತಿರುಗಿದ. “ದೊಡ್ಡದು ಹಿಂದೆ ಬರ್ತಾ ಇದೆಯಾ?”

“ಇದೇ ಸಾರ್. ಕೆಲವು ಚೀಲ ಮರಳು ಹಿಡಿಯುತ್ತೆ. ಅದಕ್ಕೇಂತ ತೊಳೆದು ಜರಡಿ ಹಿಡಿದಿರೋ ಮರಳು ಬೇಕು. ಅದನ್ನೇ ಹೇಳೋಕೆ ಬಂದ್ರೆ ನೀವು ಕೈ ಅಡ್ಡ ಹಿಡಿದ್ರಿ. ತರಿಸಿದೀರಿ ತಾನೆ?” ಅನ್ನುತ್ತಾ ಯಜಮಾನ ಹಿತ್ತಲಿಗೆ ಬಂದು ಕೊಳ ನೋಡಿದ. “ಫಿಲ್ಟರೊಳಗೆ ಮರಳು ಹಾಕಿ, ಕೊಳದೊಳಗೆ ನೀರು ಹಾಕಬೇಕು ಸಾರ್” ಅಂತ ಮಗುವಿಗೆ ಹೇಳುವಂತೆ ಹೇಳಿದ.

ಅಷ್ಟರಲ್ಲಿ ಭಾಮೈದನ ಕಾರು ಬಂತು. ಅವನು ನೇರ ಹಿತ್ತಲಿಗೇ ಬಂದ, ನೋಡಿದ, ಗೋಡೆ ಹಿಡಿದು ನಗಲು ಶುರುಮಾಡಿದ. ನಗು ನಿಂತಿತು ಅಂದುಕೊಂಡರೆ ಫಿಲ್ಟರು ಕಣ್ಣಿಗೆ ಬಿದ್ದು ಮತ್ತೆ ಶುರುವಾಯಿತು. ಕೊನೆಗೆ ಕಣ್ಣೊರೆಸಿಕೊಂಡು, “ಅಕ್ಕಾ, ಪೆಟ್ಟಿಗೆ ತಾ. ಅಮ್ಮಾ, ಹೊರಡು” ಅಂದ.

ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದರು. ಕೊಳವನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. ನೋಡನೋಡುತ್ತಾ ಆಕೆಯ ಮುಖ ಅರಳಿತು. ಯಾರೂ ಏನೂ ಅನ್ನುವ ಮೊದಲೇ ಚಪ್ಪಲಿ ಕಳಚಿ, ಕಂಬಿ ಹಿಡಿದು, ಮರಳಿಗೆ ಕಾಲಿಟ್ಟರು.

“ಅಳಿಯಂದ್ರೇ, ಕೈ ಕೊಡಿ.”

“ಅಮ್ಮಾ, ಏನ್ ಮಾಡ್ತಿದೀಯಾ?” ಅಂತ ಮಗ ಗಾಬರಿಯಾದ.

“ನಡೀತಾ ಇದೀನಿ. ಗಟ್ಟಿ ನೆಲ ಬೇಡ ಅಂದಿದ್ರಲ್ಲ ಡಾಕ್ಟ್ರು? ಇದು ಗಟ್ಟಿ ಇದೆಯಾ, ನೀನೇ ಮುಟ್ಟಿ ನೋಡು.”

ಮಗ ಡಾಕ್ಟರಿಗೆ ಫೋನ್ ಮಾಡಿದ. “ಮರಳಲ್ಲಾ? ನೋವಿದೆ ಅಂತಾರಾ? ಇಲ್ವಾ? ಯಾರಾದ್ರೂ ಕೈ ಹಿಡ್ಕೊಂಡಿದಾರಾ? ಹಾಗಾದ್ರೆ ನಡೀಲಿ ಬಿಡ್ರೀ, ಇವತ್ತು ಭಾನುವಾರ” ಅಂದು ಡಾಕ್ಟರು ಫೋನಿಟ್ಟರು.

ಅಳಿಯನ ತೋಳು ಹಿಡಿದು ಅತ್ತೆ ಕೊಳದ ಆ ತುದಿಗೆ ಹೋದರು. ಅಲ್ಲಿಂದ ಮಾತು ಈಚೆಗೆ ಕೇಳುತ್ತಿರಲಿಲ್ಲ. ಆಕೆ ದನಿ ತಗ್ಗಿಸಿದರು.

“ನೀರಂದ್ರೆ ನನಗೆ ಜೀವವೇ ಹೋಗುತ್ತೆ ಕಣ್ರೀ. ಬಕೆಟ್ಟಿಗಿಂತ ಆಳದ ನೀರನ್ನ ನಾನು ಹುಟ್ಟಿದಾಗಿನಿಂದ ಮುಟ್ಟಿಲ್ಲ. ಮಗನಿಗೆ ಹೇಳಿದ್ರೆ ಭಯ ಬಿಡಿಸ್ತೀನಿ ಅಂತ ಎತ್ತಿ ನೀರಿಗೇ ಹಾಕ್ತಾನೆ. ಮಗಳಿಗೆ ಹೇಳಿದ್ರೆ ನಗ್ತಾಳೆ.”

ನೋಡೋಣಪ್ಪ ನಿಂತುಬಿಟ್ಟ. “ಮತ್ತೆ ನನ್ನ ಕೊಳದಲ್ಲೇ ಇಳೀತೀನಿ ಅಂದ್ರಲ್ಲ ಅತ್ತೆ?”

“ನಿಮ್ಮ ಕೊಳ ಅಂತಲೇ ಹಾಗಂದಿದ್ದು! ಇವರು ಫಿಲ್ಟರು ಆರಿಸೋದು ಈ ಜನ್ಮದ ಮಾತಲ್ಲ, ನಾನು ಬದುಕ್ಕೊಂಡೆ ಅಂತ ನೆಮ್ಮದಿಯಾಗಿದ್ದೆ. ಎಷ್ಟು ಚೆನ್ನಾಗಿ ನಡೀತಾ ಇತ್ತು! ಆ ಲಾರಿ ಬಂತು ನೋಡಿ, ನನ್ನ ಎದೆನೇ ಒಡೆದುಹೋಯ್ತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕ್ರೀ ಆರಿಸೋಕೆ ಹೋದ್ರಿ?”

“ನಿಮ್ಮನ್ನ ಕರ್ಕೊಂಡು ಹೋಗಿಬಿಡ್ತಾನಲ್ಲ ಅಂತ” ಅಂದ ನೋಡೋಣಪ್ಪ.

ಅತ್ತೆ ಮರಳಿನಲ್ಲಿ ಮೂಡಿದ ತಮ್ಮ ಹೆಜ್ಜೆಗಳನ್ನೇ ನೋಡಿದರು. “ಹುಚ್ಚಪ್ಪ” ಅಂದರು. “ನಾನು ಹೋದ್ರೆ ನಿಮಗೆ ಅಂಗಿ ಯಾರು ಹೇಳ್ತಾರೆ? ಇವತ್ತೇ ನೋಡಿ, ಗುಂಡಿ ಮೇಲುಕೆಳಗೆ ಹಾಕ್ಕೊಂಡಿದೀರಿ.”

ಇಬ್ಬರೂ ತಿರುಗಿ ಮೆಟ್ಟಿಲ ಕಡೆ ಬಂದರು. ಭಾಮೈದನಿಗೆ ಅಮ್ಮ ಬರುವುದಿಲ್ಲ ಅನ್ನುವುದು ಆಕೆಯ ನಡಿಗೆ ನೋಡಿಯೇ ಅರ್ಥವಾಗಿತ್ತು. ಆದರೂ ಬಂದ ಕೆಲಸ ಆಗದೆ ವಾಪಸ್ಸು ಹೋಗುವ ಪೈಕಿ ಅಲ್ಲ ಅವನು. ತೋಳು ಮಡಚಿದ.

“ಸರಿ, ಅಮ್ಮ ಇಲ್ಲೇ ಇರಲಿ. ಫಿಲ್ಟರಂತೂ ಬಂದಿದೆ, ಅಂಗಡಿಯವರು ಜೋಡಿಸೋಕೆ ರೆಡಿ ಇದಾರೆ. ನಾಳೆ ಬೆಳಿಗ್ಗೆ ನನ್ನ ಕ್ರೇನು ಕಳಿಸ್ತೀನಿ. ಮಧ್ಯಾಹ್ನದೊಳಗೆ ಮರಳೆಲ್ಲಾ ಗೋಡೆಯಾಚೆ, ಸಂಜೆಗೆ ಎದೆಮಟ್ಟ ನೀರು. ಏನಂತೀರಿ ಭಾವ? ಕಳಿಸ್ಲಾ?”

ಹೆಂಡತಿ ಗಂಡನ ಕಡೆ ನೋಡಿದಳು. ಅಂಗಡಿಯ ಯಜಮಾನ ನೋಡಿದ. ಗಲಾಟೆ ಕೇಳಿ ಎದುರುಮನೆಯಿಂದ ಸುತ್ತಿಕೊಂಡು ಬಂದಿದ್ದ ಹೆಡ್‌ಮಾಸ್ತರ ತಲೆಯೂ ಹಿತ್ತಲ ಗೋಡೆಯ ಮೇಲಿಂದ ಎದ್ದು ನೋಡಿತು. ಅತ್ತೆ ಇಟ್ಟ ಹೆಜ್ಜೆ ಇಟ್ಟಲ್ಲೇ ನಿಂತಿತು, ಅಳಿಯನ ತೋಳಿನ ಮೇಲಿದ್ದ ಬೆರಳುಗಳು ಬಿಗಿಯಾದವು.

ನೋಡೋಣಪ್ಪ ಕಿಟಕಿಯವರೆಗೆ ಹೋಗಲಿಲ್ಲ. ಶತಪಥ ಹಾಕಲಿಲ್ಲ. ಎಡಕ್ಕೂ ಬಲಕ್ಕೂ ನೋಡಲಿಲ್ಲ. ಹೇಳಬೇಕಾದ ಉತ್ತರ ಕೇಳಿದ ಕ್ಷಣವೇ ಹೊಳೆದದ್ದು ಅವನ ಜೀವನದಲ್ಲಿ ಇದೇ ಮೊದಲು.

“ನೋಡೋಣ” ಅಂದ.

ಭಾಮೈದ ಹಣೆ ಚಚ್ಚಿಕೊಂಡ. ಹೆಂಡತಿ ಪೆಟ್ಟಿಗೆ ಒಳಗಿಡಲು ಹೋದಳು. ಅತ್ತೆ ಬಿಗಿಹಿಡಿದಿದ್ದ ಉಸಿರು ಬಿಟ್ಟು, ಮತ್ತೆ ಹೆಜ್ಜೆ ಹಾಕತೊಡಗಿದರು.